ಎಂಟೋ ಹತ್ತೋ: ದಿವಾದ ಖಾಡಿಗೆ ಯಾವ ದುರ್ಬೀನು?

ಮುಂಬ್ರಾ ದಾಟಿದ ಸ್ಲೋ ಲೋಕಲ್ ದಿವಾದತ್ತ ಹೊರಳುವಾಗ ಬಲಗಡೆ ಪಾರ್ಸಿಕ್ ಗುಡ್ಡ, ಎಡಗಡೆ ಖಾಡಿ. ಎಡಬದಿಯ ಕಿಟಕಿ ಸಿಗುವುದು ಈ ಸಾಲಿನಲ್ಲಿ ಅದೃಷ್ಟದ ಮಾತು. ಸಿಕ್ಕವರಿಗೆ ಚಳಿಗಾಲದ ಬೆಳಗ್ಗೆ ನೀರಿಳಿದ ಕೆಸರಿನ ಮೇಲೆ ಬೆಳ್ಳಕ್ಕಿಗಳ ಸಾಲು ಕಾಣುತ್ತದೆ. ಅವುಗಳ ಕಾಲ ಬುಡದಲ್ಲಿ ಕಂದು ಚುಕ್ಕೆಗಳಂಥ ಏನೋ ಸರಸರ ಓಡಾಡುತ್ತಿರುತ್ತವೆ. ಬೆಳ್ಳಕ್ಕಿಯನ್ನು ಎಲ್ಲರೂ ಗುರುತಿಸುತ್ತಾರೆ. ಆ ಕಂದು ಚುಕ್ಕೆ ಯಾವುದು? ಗದ್ದೆಗೊರವವೇ, ಸೈಬೀರಿಯದಿಂದ ಹಾರಿ ಬಂದ ಪುಟಾಣಿ ಸ್ಟಿಂಟ್ ಹಕ್ಕಿಯೇ? ಬರಿಗಣ್ಣಿಗೆ ಉತ್ತರ ಸಿಗುವುದಿಲ್ಲ. ಅಷ್ಟರಲ್ಲಿ ಗಾಡಿ ದಿವಾ ಜಂಕ್ಷನ್‌ನಲ್ಲಿ ನಿಂತಿರುತ್ತದೆ.

ದುರ್ಬೀನು ಕೊಳ್ಳಬೇಕೆಂಬ ಆಸೆ ಹುಟ್ಟುವುದು ಇಂಥ ಗಳಿಗೆಯಲ್ಲೇ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಹಕ್ಕಿ ನೋಡುವ ಹವ್ಯಾಸ ಬೆಳೆಯುತ್ತಿದೆ, ಅಲ್ಲಿ ನೆಲೆಸಿದ ಕನ್ನಡ ಮನೆಗಳಿಗೂ ಅದು ಕಾಲಿಟ್ಟಿದೆ. ಆದರೆ ಸಿಎಸ್‌ಎಂಟಿ ಬಳಿಯ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗೆ ಹೋಗಿ ನಿಂತರೆ ಗೊಂದಲ ಶುರು. 8x42, 10x50, 20x50, 10x25. ಅಂಗಡಿಯವನು ದೊಡ್ಡ ಅಂಕಿಯನ್ನೇ ಮುಂದೆ ಮಾಡುತ್ತಾನೆ. ಕೊಳ್ಳುವವನಿಗೂ ದೊಡ್ಡದೇ ಒಳ್ಳೆಯದೆಂಬ ನಂಬಿಕೆ. ಹೀಗೆ ಕೊಂಡ ದುರ್ಬೀನು ಆರು ತಿಂಗಳಲ್ಲಿ ಕಪಾಟು ಸೇರುತ್ತದೆ.

ಈ ಗೊಂದಲ ಹಕ್ಕಿ ನೋಡುವವರಿಗಿಂತ ಮೊದಲು ಬೇಟೆಗಾರರನ್ನು ಕಾಡಿತ್ತು. ಹಗುರವಾದ ಬಂದೂಕಿನ ಮೇಲೆ ಎಂಥ ದೂರದರ್ಶಕ ಕೂರಿಸಬೇಕು ಎಂಬುದು ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲಿ ಇಂದಿಗೂ ಮುಗಿಯದ ಚರ್ಚೆ. ಬೆಟ್ಟ ಹತ್ತುವವನು ಮೂರು ಕಿಲೋಗಿಂತ ಕಡಿಮೆ ತೂಗುವ ಬಂದೂಕನ್ನು ಆರಿಸುವುದೇ ಹೆಗಲಿನ ಭಾರ ಇಳಿಸಲಿಕ್ಕೆ. ಅದರ ಮೇಲೆ ಮುಕ್ಕಾಲು ಕಿಲೋದ ದೊಡ್ಡ ದೂರದರ್ಶಕ ಬಿಗಿದರೆ ಉಳಿಸಿದ ತೂಕ ಮರಳಿ ಬಂತು, ಬಂದೂಕು ಮೇಲ್ಭಾರವಾಗಿ ಕೈಯಲ್ಲಿ ವಾಲತೊಡಗಿತು. ಇನ್ನೊಂದು ತೊಡಕೂ ಇದೆ. ಅದೇ ಗುಂಡನ್ನು ಹಾರಿಸಿದರೂ ಹಗುರ ಬಂದೂಕು ಭಾರದ ಬಂದೂಕಿಗಿಂತ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಕಣ್ಣು ಗಾಜಿಗೆ ತೀರ ಹತ್ತಿರವಿದ್ದರೆ ಆ ಒದೆತಕ್ಕೆ ಹುಬ್ಬು ಸೀಳುತ್ತದೆ. ಆದ್ದರಿಂದ ಬಂದೂಕಿನ ದೂರದರ್ಶಕದಲ್ಲಿ ಕಣ್ಣಿಗೂ ಗಾಜಿಗೂ ನಡುವೆ ಸುಮಾರು 75ರಿಂದ 100 ಮಿಲಿಮೀಟರ್ ಅಂತರ ಬಿಟ್ಟಿರುತ್ತಾರೆ. ಅಮೆರಿಕದ ಹೆಸರಾಂತ ಬೇಟೆ ಬರಹಗಾರ ಜ್ಯಾಕ್ ಓಕಾನರ್ ತಮ್ಮ ಮೆಚ್ಚಿನ .270 ವಿಂಚೆಸ್ಟರ್ ಬಂದೂಕಿನ ಮೇಲೆ ನಾಲ್ಕು ಪಟ್ಟಿನ ಸರಳ ದೂರದರ್ಶಕ ಇಟ್ಟುಕೊಂಡೇ ಬೆಟ್ಟದ ಕುರಿಗಳ ಬೆನ್ನುಹತ್ತಿದವರು. ನಮ್ಮ ಕಡೆಯ ಜಿಮ್ ಕಾರ್ಬೆಟ್‌ಗೆ ಅದೂ ಇರಲಿಲ್ಲ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಅವರಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ಹಗುರವಾದ ಬಂದೂಕು, ನೋಟಕ್ಕೆ ಬರಿಯ ಲೋಹದ ಗುರಿಮಣಿ.

ಭಾರತದಲ್ಲಿ ಆ ಚರ್ಚೆ ಮುಗಿದ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಆಗ ಉಳಿದಿದ್ದ ಪರವಾನಗಿ ಬೇಟೆಯ ಕಿಂಡಿಯನ್ನೂ 1991ರ ತಿದ್ದುಪಡಿ ಮುಚ್ಚಿತು. ಇಂದು ದಿವಾದ ಖಾಡಿಯಂಚಿನಲ್ಲಿ ಯಾರಾದರೂ ಏರ್‌ಗನ್ ಎತ್ತಿ ಬೆಳ್ಳಕ್ಕಿಗೆ ಗುರಿಯಿಟ್ಟರೂ ಅದು ಅಪರಾಧ. ಬಂದೂಕು ಹೋಯಿತು, ಅದರ ಮೇಲೆ ಕೂತಿದ್ದ ಗಾಜು ಉಳಿಯಿತು. ಆ ಗಾಜನ್ನು ಆರಿಸುವ ಲೆಕ್ಕಾಚಾರವೂ ಬಹುಪಾಲು ಹಾಗೆಯೇ ಉಳಿದಿದೆ: ಎಷ್ಟು ದೂರ, ಎಷ್ಟು ಬೆಳಕು, ಎಷ್ಟು ಭಾರ.

ಬಂದೂಕಿನಿಂದ ದುರ್ಬೀನಿಗೆ ನಡೆದ ಈ ಪಯಣದ ದೊಡ್ಡ ಹೆಸರು ಮುಂಬಯಿಯದೇ. 1896ರಲ್ಲಿ ಇಲ್ಲಿನ ಖೇತ್‌ವಾಡಿಯಲ್ಲಿ ಹುಟ್ಟಿದ ಸಾಲಿಂ ಅಲಿ ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದೆಂಥ ಗುಬ್ಬಿ ಎಂಬ ಪ್ರಶ್ನೆಗೆ ಮಾವ ಅಮೀರುದ್ದೀನ್ ತ್ಯಾಬ್ಜಿ ಹುಡುಗನನ್ನು 1883ರಲ್ಲಿ ಆರಂಭವಾಗಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಅದನ್ನು ಹಳದಿ ಕೊರಳಿನ ಗುಬ್ಬಿಯೆಂದು ಗುರುತಿಸಿದರು, ಹುಡುಗನಿಗೆ ಸೊಸೈಟಿಯ ಹಕ್ಕಿಗಳ ಸಂಗ್ರಹವನ್ನು ತೆರೆದು ತೋರಿಸಿದರು. ಅದೇ ಸಾಲಿಂ ಅಲಿ ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳನ್ನು ಕಂಡು ಸಂಸ್ಥಾನದ ಅರಸರಿಗೆ ಒತ್ತಾಯಿಸಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಕನ್ನಡದಲ್ಲಿ ಈ ದಾರಿ ತುಳಿದವರು ಪೂರ್ಣಚಂದ್ರ ತೇಜಸ್ವಿ. ಕೋವಿ ಹಿಡಿದು ಕಾಡು ಸುತ್ತಿದ ಅನುಭವಗಳನ್ನು ‘ಪರಿಸರದ ಕತೆ’ಯಲ್ಲಿ ಬರೆದವರು, ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್‌ನ ಕಥೆಗಳನ್ನು ಕನ್ನಡಕ್ಕೆ ತಂದವರು, ಮೂಡಿಗೆರೆಯ ಕಾಫಿ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಗಂಟೆಗಟ್ಟಲೆ ಕಾದು ಕೂತವರು ಒಬ್ಬರೇ. ಎಷ್ಟೋ ಕನ್ನಡ ಓದುಗರು ಹಕ್ಕಿಯನ್ನು ಹೆಸರಿಟ್ಟು ನೋಡಲು ಕಲಿತದ್ದು ಅವರ ‘ಕನ್ನಡ ನಾಡಿನ ಹಕ್ಕಿಗಳು’ ಕೈಗೆ ಬಂದ ಮೇಲೆ.

ಇನ್ನು ಅಂಕಿಗಳು. 8x42 ಎಂದರೆ ಎಂಟು ಪಟ್ಟು ಹಿಗ್ಗುವಿಕೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಎಂಬತ್ತು ಮೀಟರ್ ದೂರದ ಹಕ್ಕಿ ಹತ್ತು ಮೀಟರ್ ದೂರದಲ್ಲಿ ನಿಂತಷ್ಟು ದೊಡ್ಡದಾಗಿ ಕಾಣುತ್ತದೆ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ನಿಜವಾದ ಗುಟ್ಟು. 42 ಭಾಗಿಸು 8 ಅಂದರೆ 5.25. ಕಣ್ಣಿನ ಕಡೆಯ ಗಾಜಿನಿಂದ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ ಅಷ್ಟು ಮಿಲಿಮೀಟರ್. ದುರ್ಬೀನನ್ನು ತೋಳಿನುದ್ದ ದೂರ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಆ ಬಿಲ್ಲೆ ಕಣ್ಣಿಗೇ ಕಾಣುತ್ತದೆ. ನಮ್ಮ ಕಣ್ಣಿನ ಪಾಪೆ ನಡುಹಗಲಿನಲ್ಲಿ ಎರಡು ಮೂರು ಮಿಲಿಮೀಟರಿಗೆ ಕಿರಿದಾಗುತ್ತದೆ, ಮಬ್ಬಿನಲ್ಲಿ ಹಿಗ್ಗುತ್ತದೆ, ಎಳೆಯರಲ್ಲಿ ಏಳರವರೆಗೂ ಹೋಗುತ್ತದೆ. ಬಿಲ್ಲೆ ಪಾಪೆಗಿಂತ ಚಿಕ್ಕದಾದರೆ ನೋಟ ಮಂಕು. ಜೇಬಿಗಿಳಿಯುವ 10x25 ದುರ್ಬೀನಿನ ಬಿಲ್ಲೆ ಎರಡೂವರೆ ಮಿಲಿಮೀಟರ್ ಮಾತ್ರ. ಮಟಮಟ ಮಧ್ಯಾಹ್ನಕ್ಕೆ ಅದು ಸಾಕು, ಹಕ್ಕಿ ಚುರುಕಾಗಿರುವ ಬೆಳಗಿನ ಆರೂವರೆಗೆ ಸಾಲದು.

ಹಾಗಾದರೆ ಎಂಟೋ ಹತ್ತೋ?

ಹತ್ತು ಪಟ್ಟು ಹಕ್ಕಿಯನ್ನು ದೊಡ್ಡದು ಮಾಡುತ್ತದೆ, ಕೈಯ ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ನೋಟದ ಹರವು ಕಿರಿದಾಗುತ್ತದೆ: ಸಾವಿರ ಮೀಟರ್ ದೂರದಲ್ಲಿ ಸಾಮಾನ್ಯ ಎಂಟು ಪಟ್ಟಿನ ದುರ್ಬೀನು ಸುಮಾರು 130 ಮೀಟರ್ ಅಗಲ ತೋರಿಸಿದರೆ ಹತ್ತು ಪಟ್ಟಿನದು 110ರ ಆಸುಪಾಸು. ಇಪ್ಪತ್ತು ಮೀಟರ್ ತಾನೇ ಅನ್ನಿಸಬಹುದು. ಆದರೆ ಖಾರಫುಟಿಯ ಸಂದಿಯಿಂದ ನೀಲಿ ಮಿಂಚಿನಂತೆ ಹಾರಿದ ಮಿಂಚುಳ್ಳಿಯನ್ನು ಗಾಜಿನೊಳಗೆ ಹಿಡಿಯಲು ಹೊರಟವರಿಗೆ ಆ ಇಪ್ಪತ್ತು ಮೀಟರಿನ ಬೆಲೆ ಗೊತ್ತು. (ಮರಾಠಿಯ ಖಾರಫುಟಿ ನಮ್ಮ ಕರಾವಳಿಯ ಕಾಂಡ್ಲಾ. ಮರಾಠಿಯಲ್ಲೇ ಅದಕ್ಕೆ ಕಾಂದಳವನ ಎಂಬ ಹೆಸರೂ ಇದೆ. ಕುಂದಾಪುರದಿಂದ ಬಂದವರಿಗೆ ಗಿಡವೂ ಹೆಸರೂ ಎರಡೂ ಪರಿಚಿತ.) ದುರ್ಬೀನು ಕೊರಳಿಗೆ ಹಾಕಿ ನಡೆಯುತ್ತ ನೋಡುವವರಿಗೆ ಎಂಟೇ ಸರಿ. ಹತ್ತು ಬೇಕಾದವರು ಕೈ ಗಟ್ಟಿಯಿರುವವರು, ಅಥವಾ ಮೊಣಕೈ ಊರಲು ಗೋಡೆ, ಕಟ್ಟೆ ಇರುವಲ್ಲಿ ಕೂತು ನೋಡುವವರು.

ದೋಣಿಯ ಮೇಲಂತೂ ಹತ್ತು ಕೆಲಸಕ್ಕೇ ಬರುವುದಿಲ್ಲ. ಠಾಣೆ ಖಾಡಿಯ ಪೂರ್ವ ದಂಡೆಯಲ್ಲಿ, ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ರಾಜಹಂಸ ತೋರಿಸುವ ದೋಣಿಗಳು ಹೊರಡುತ್ತವೆ. ಅವು ಹೋಗುವುದು 2015ರಲ್ಲಿ ಘೋಷಣೆಯಾದ, ಹದಿನೇಳು ಚದರ ಕಿಲೋಮೀಟರಿಗೆ ತುಸು ಕಡಿಮೆ ವಿಸ್ತಾರದ ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯಕ್ಕೆ. 2022ರಲ್ಲಿ ಈ ಖಾಡಿಗೆ ರಾಮ್‌ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆಯೂ ಬಂತು. ಅಲ್ಲಿ ದೋಣಿ ಅಲುಗುತ್ತದೆ, ಎಂಜಿನ್ ನಡುಗುತ್ತದೆ, ಪಕ್ಕದವರ ಮೊಣಕೈ ತಾಗುತ್ತದೆ. ಎಂಟು ಪಟ್ಟಿಗೇ ನೋಟ ಕುಣಿಯುವಾಗ ಹತ್ತರ ಮಾತೇಕೆ?

ಆ ಖಾಡಿಯಲ್ಲಿ ರಾಜಹಂಸಗಳು ಎರಡು ಬಗೆ. ದೊಡ್ಡದು ನಿಂತರೆ ನಾಲ್ಕು ಅಡಿ ಮೀರುತ್ತದೆ, ಕೊಕ್ಕು ನಸುಗುಲಾಬಿ, ತುದಿ ಮಾತ್ರ ಕಪ್ಪು. ಚಿಕ್ಕದು ಮೂರಡಿಯ ಒಳಗೆ, ಕೊಕ್ಕು ಕಡುಗೆಂಪು. ಸಾವಿರಾರು ಹಕ್ಕಿಗಳ ಗುಲಾಬಿ ಗೆರೆಯನ್ನು ಬರಿಗಣ್ಣಿನಿಂದಲೂ ನೋಡಿ ಸಂತೋಷಪಡಬಹುದು. ಆ ಗೆರೆಯಲ್ಲಿ ಯಾರು ಯಾರು ಇದ್ದಾರೆಂದು ತಿಳಿಯಲು ಕೊಕ್ಕು ಕಾಣಬೇಕು. ನೂರೈವತ್ತು ಮೀಟರ್ ದೂರದ ಕೊಕ್ಕಿನ ಬಣ್ಣ ಬಿಡಿಸಿ ಹೇಳಲು ಒಳ್ಳೆಯ ಎಂಟು ಪಟ್ಟಿನ ಗಾಜು ಸಾಕು. ಕೆಟ್ಟ ಗಾಜಾದರೆ ಇಪ್ಪತ್ತು ಪಟ್ಟಿನದೂ ಸಾಲದು, ಹಕ್ಕಿಯ ಅಂಚಿಗೆಲ್ಲ ನೇರಳೆ ಹಸಿರು ಗೆರೆ ಕಟ್ಟಿ ಬಣ್ಣವನ್ನೇ ಕೆಡಿಸುತ್ತದೆ.

ದೂರವನ್ನು ಗಾಜಿನಿಂದ ಮಾತ್ರ ಗೆಲ್ಲಬೇಕಾಗಿಲ್ಲ, ಭರತ ಇಳಿತಗಳ ಲೆಕ್ಕದಿಂದಲೂ ಗೆಲ್ಲಬಹುದು. ಹೊಸಬರು ತಪ್ಪುವುದು ಇಲ್ಲೇ. ನೀರು ಪೂರ್ತಿ ಇಳಿದಾಗ ಕೆಸರಿನ ಬಯಲು ಎಲ್ಲೆಡೆ ತೆರೆದುಕೊಳ್ಳುತ್ತದೆ, ಹಕ್ಕಿಗಳು ಮೇಯುತ್ತ ದೂರದೂರಕ್ಕೆ ಚದುರುತ್ತವೆ. ನೀರು ಏರತೊಡಗಿದಂತೆ ಕೆಸರು ಮುಳುಗಿ ಅವೆಲ್ಲ ದಂಡೆಯತ್ತ ಸರಿಯುತ್ತವೆ. ಭರತದ ಹೊತ್ತಿಗೆ ಸರಿಯಾಗಿ ದಂಡೆಯಲ್ಲಿ ನಿಂತವನಿಗೆ ಎಂಟು ಪಟ್ಟಿನಲ್ಲಿ ಸಿಗುವ ನೋಟ, ಇಳಿತದಲ್ಲಿ ನಿಂತವನಿಗೆ ಮೂವತ್ತು ಪಟ್ಟಿನಲ್ಲೂ ಸಿಗುವುದಿಲ್ಲ. ಬಿಸಿಲೇರಿದ ಮೇಲೆ ಇನ್ನೊಂದು ಕಾಟ: ಕಾದ ಕೆಸರಿನ ಮೇಲೆ ಗಾಳಿ ಕುದಿದಂತೆ ಅಲೆಯುತ್ತದೆ. ಆಗ ಹಿಗ್ಗುವಿಕೆ ಹೆಚ್ಚಿಸಿದಷ್ಟೂ ಆ ಅಲೆಯೇ ದೊಡ್ಡದಾಗಿ ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ಬೆಳಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸುವುದು ಲೇಸು.

ತೂಕದ ಮಾತು ದಿವಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ನಿಲ್ದಾಣದಲ್ಲಿ ಗಾಡಿ ಹತ್ತುವುದೇ ಒಂದು ಸಾಹಸ. ಕೊರಳಲ್ಲಿ ಒಂದು ಕಿಲೋದ 10x50 ನೇತುಹಾಕಿಕೊಂಡು ಏಳು ಗಂಟೆಯ ಲೋಕಲ್ ಹತ್ತಲು ನೋಡಿ, ಎರಡನೆಯ ಭಾನುವಾರ ಅದು ಮನೆಯಲ್ಲೇ ಉಳಿಯುತ್ತದೆ. ಸಾಧಾರಣ 8x42 ಆರುನೂರೈವತ್ತರಿಂದ ಎಂಟುನೂರು ಗ್ರಾಂ ತೂಗುತ್ತದೆ. 8x32 ಐನೂರರ ಆಸುಪಾಸು, ಊಟದ ಡಬ್ಬಿಯ ಪಕ್ಕದಲ್ಲೇ ಹಿಡಿಸುತ್ತದೆ. ಅದರ ಬೆಳಕಿನ ಬಿಲ್ಲೆ ನಾಲ್ಕು ಮಿಲಿಮೀಟರ್, ಮುಂಜಾವಿನ ಮೊದಲ ಕಾಲು ಗಂಟೆ ಬಿಟ್ಟರೆ ಮಿಕ್ಕೆಲ್ಲ ಹೊತ್ತಿಗೆ ಧಾರಾಳ. ಬೆಟ್ಟದ ಬೇಟೆಗಾರ ಹಗುರ ಬಂದೂಕಿಗೆ ಹಗುರ ಗಾಜನ್ನೇ ಕೂರಿಸಿದ್ದಕ್ಕೂ, ಲೋಕಲ್ ಗಾಡಿಯ ಹಕ್ಕಿಪ್ರಿಯರು 8x32ನ್ನು ಆರಿಸುವುದಕ್ಕೂ ಕಾರಣ ಒಂದೇ.

ಕನ್ನಡಕ ಹಾಕುವವರು ಅಂಗಡಿಯಲ್ಲೇ ಕನ್ನಡಕ ತೆಗೆಯದೆ ನೋಡಬೇಕು. ಬಂದೂಕಿನ ದೂರದರ್ಶಕದಲ್ಲಿ ಹುಬ್ಬು ಉಳಿಸಲು ಬಿಡುವ ಅಂತರವನ್ನು ಇಲ್ಲಿ ಕನ್ನಡಕಕ್ಕಾಗಿ ಬಿಡುತ್ತಾರೆ. ಅದು ಹದಿನೈದು ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ನೋಟದ ಸುತ್ತ ಕಪ್ಪು ಚೌಕಟ್ಟು ಬೀಳುತ್ತದೆ. ರಬ್ಬರಿನ ಕಣ್ಣುಬಟ್ಟಲನ್ನು ಒಳಕ್ಕೆ ಮಡಚಿ ನೋಡಿಯೂ ಪೂರ್ತಿ ವೃತ್ತ ಕಾಣದಿದ್ದರೆ ಆ ದುರ್ಬೀನು ಬೇಡ. ಕೊಂಡವರಲ್ಲಿ ಬಹಳ ಮಂದಿ ಬಲಗಣ್ಣಿನ ಬಳೆಯನ್ನು ತಿರುಗಿಸುವುದೇ ಇಲ್ಲ. ಮೊದಲು ಬಲಗಣ್ಣು ಮುಚ್ಚಿ, ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಚಿತ್ರ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ನಡುವಿನ ಗಾಲಿ ಮುಟ್ಟದೆ, ಬಲಗಡೆಯ ಬಳೆಯಿಂದ ಬಲಗಣ್ಣಿಗೆ ಸರಿಪಡಿಸಬೇಕು. ಒಂದು ನಿಮಿಷದ ಕೆಲಸ. ಮಾಡದಿದ್ದರೆ ಅರ್ಧ ಗಂಟೆಯಲ್ಲಿ ತಲೆನೋವು.

ಅಂಗಡಿಯಲ್ಲಿ ಎರಡು ವಿನ್ಯಾಸ ಕಾಣುತ್ತವೆ. ಭುಜ ಅಗಲಿಸಿದಂತಿರುವುದು ಪೋರೊ ಪಟ್ಟಕದ್ದು. ಇಟಲಿಯ ಇಗ್ನಾಜಿಯೊ ಪೋರೊ ಇದಕ್ಕೆ ಹಕ್ಕುಪತ್ರ ಪಡೆದದ್ದು 1854ರಲ್ಲಿ, ಜರ್ಮನಿಯ ಜೈಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1894ರಲ್ಲಿ. ನೇರ ಕೊಳವೆಯಂತೆ ಸಪೂರವಾಗಿರುವುದು ರೂಫ್ ಪಟ್ಟಕದ್ದು. ಸಪೂರದ್ದು ನೋಡಲು ಚೆಂದ, ಆದರೆ ಅದನ್ನು ಚೆನ್ನಾಗಿ ಮಾಡಲು ಖರ್ಚು ಜಾಸ್ತಿ. ಕಡಿಮೆ ದುಡ್ಡಿನಲ್ಲಿ ಹೆಚ್ಚು ಸ್ಪಷ್ಟತೆ ಬೇಕೆಂದರೆ ಪೋರೊ. ಒಲಿಂಪಸ್‌ನ 8x40, ನಿಕಾನ್‌ನ ಅಕ್ಯುಲಾನ್ ಮಾದರಿಗಳು ಭಾರತದ ಹಕ್ಕಿಪ್ರಿಯರ ಮೊದಲ ದುರ್ಬೀನುಗಳಾಗಿ ಹೆಸರು ಮಾಡಿದ್ದು ಇದೇ ಕಾರಣಕ್ಕೆ. ಗಾಜಿನ ಮೇಲಿನ ಲೇಪನವನ್ನೂ ಕೇಳಬೇಕು. ಬೆಳಕು ಗಾಜಿನಿಂದ ಮರಳಿ ಚಿಮ್ಮದಂತೆ ತಡೆಯುವ ಲೇಪನವನ್ನು ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಹಿಡಿದದ್ದು 1935ರಲ್ಲಿ. ಜರ್ಮನ್ ಸೇನೆ ಅದನ್ನು ಗುಟ್ಟಾಗಿ ಇಟ್ಟುಕೊಂಡಿತ್ತು. ಇಂದು ‘ಫುಲ್ಲಿ ಮಲ್ಟಿಕೋಟೆಡ್’ ಎಂದು ಬರೆದಿದ್ದರೆ ಎಲ್ಲ ಗಾಜಿಗೂ ಹಲವು ಪದರ ಲೇಪನವಿದೆ ಎಂದು ಅರ್ಥ. ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಗಾಜು, ‘90x80’ರಂಥ ಅಂಕಿ, ತಿರುಗಿಸಿದಷ್ಟೂ ಹಿಗ್ಗುವ ಜೂಮ್: ಈ ಮೂರರಲ್ಲಿ ಒಂದನ್ನು ಕಂಡರೂ ಮುಂದಿನ ಅಂಗಡಿಗೆ ಹೋಗುವುದು ಒಳ್ಳೆಯದು.

ಮುಂಬಯಿಯ ಮಳೆಗಾಲ ಗಾಜಿನ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಶೇ 80 ಮೀರುವ ಮನೆಗಳಲ್ಲಿ ಚರ್ಮದ ಚೀಲದೊಳಗೆ ಮಡಚಿಟ್ಟ ದುರ್ಬೀನಿಗೆ ಬೂಷ್ಟು ಹಿಡಿಯುತ್ತದೆ. ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಅದು ಲೇಪನವನ್ನೇ ತಿನ್ನುತ್ತದೆ. ಸಾರಜನಕ ತುಂಬಿ ಮುಚ್ಚಿದ ಮಾದರಿಗಳಲ್ಲಿ ಒಳಗೆ ಮಂಜು ಕಟ್ಟದು, ಸ್ವಲ್ಪ ಹೆಚ್ಚು ಕೊಟ್ಟಾದರೂ ಅಂಥದ್ದನ್ನೇ ಕೊಳ್ಳುವುದು ಲಾಭ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮರಳಿ ಬಳಸಬಹುದು. ಖಾಡಿಯಿಂದ ಬಂದ ಗಾಜಿನ ಮೇಲೆ ಉಪ್ಪು, ಧೂಳು ಇರುತ್ತದೆ. ಅಂಗಿಯ ಚುಂಗಿನಿಂದ ಒರೆಸಿದರೆ ಗೀರು ಖಂಡಿತ. ಮೊದಲು ಊದಿ, ಮೆತ್ತನೆಯ ಕುಂಚದಿಂದ ಕೊಡವಿ, ಆಮೇಲೆ ಬಟ್ಟೆ.

ಮುಕ್ಕಾಲಿಯ ಮೇಲೆ ನಿಲ್ಲುವ ಸ್ಪಾಟಿಂಗ್ ಸ್ಕೋಪ್ ಬೇಕೇ ಎಂದು ಕೇಳುವವರಿದ್ದಾರೆ. ಅದಕ್ಕೆ ಒಂದು ನಿಜವಾದ ಉಪಯೋಗವಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ರಾಜಹಂಸಗಳ, ದಂಡೆ ಹಕ್ಕಿಗಳ ಕಾಲಿಗೆ ಅಕ್ಷರ ಬರೆದ ಬಣ್ಣದ ಉಂಗುರ, ಪಟ್ಟಿ ತೊಡಿಸುತ್ತದೆ. ಯಾರಾದರೂ ಆ ಅಕ್ಷರ ಓದಿ ತಿಳಿಸಿದರೆ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ಗೊತ್ತಾಗುತ್ತದೆ. ಇನ್ನೂರು ಮೀಟರ್ ದೂರದ ಆ ಅಕ್ಷರಕ್ಕೆ 20ರಿಂದ 60 ಪಟ್ಟಿನ ಸ್ಕೋಪೇ ಬೇಕು. ಅದರಲ್ಲೂ 65 ಮಿಲಿಮೀಟರ್ ಗಾಜಿನಲ್ಲಿ 60ಕ್ಕೆ ಏರಿಸಿದರೆ ಬೆಳಕಿನ ಬಿಲ್ಲೆ ಒಂದು ಮಿಲಿಮೀಟರಿಗೆ ಇಳಿಯುತ್ತದೆ, ಮೂವತ್ತರಲ್ಲಿ ನೋಡುವುದೇ ಸುಖ. ಮುಕ್ಕಾಲಿ ಸೇರಿ ಮೂರು ನಾಲ್ಕು ಕಿಲೋ ಆಗುವ ಈ ಸಾಮಗ್ರಿಯನ್ನು ಒಬ್ಬೊಬ್ಬರೂ ಕೊಳ್ಳುವ ಬದಲು ಐದಾರು ಮಂದಿಯ ತಂಡ ಒಂದನ್ನು ಹಂಚಿಕೊಳ್ಳುವುದು ಜಾಣತನ.

ಒಂದೆರಡು ಎಚ್ಚರಿಕೆ. ದುರ್ಬೀನಿನಿಂದ ಸೂರ್ಯನನ್ನು ನೋಡಿದರೆ ಕ್ಷಣದಲ್ಲಿ ಕಣ್ಣು ಸುಡುತ್ತದೆ, ಸಂಜೆ ಪಡುವಣಕ್ಕೆ ಮುಖಮಾಡಿ ನಿಲ್ಲುವಾಗ ಮಕ್ಕಳ ಮೇಲೆ ಗಮನವಿರಲಿ. ದಿವಾದ ಕಟ್ಟಡಗಳು ಒಂದಕ್ಕೊಂದು ತಾಗಿಕೊಂಡಿವೆ, ಗಾಜು ಖಾಡಿಯ ಕಡೆಗಿರಲಿ, ಎದುರು ಮನೆಯ ಕಿಟಕಿಯ ಕಡೆಗೆ ಬೇಡ.

ಮಕ್ಕಳಿಗೆ ಕೊಡಿಸುವವರು ಇನ್ನೊಂದು ಅಳತೆ ನೋಡಬೇಕು. ದೊಡ್ಡ ದುರ್ಬೀನುಗಳ ಎರಡು ಕೊಳವೆಗಳನ್ನು ಎಷ್ಟು ಒತ್ತಿದರೂ ಹಲವು ಮಾದರಿಗಳಲ್ಲಿ ನಡುವಿನ ಅಂತರ 56 ಮಿಲಿಮೀಟರಿಗಿಂತ ಕಡಿಮೆಯಾಗದು. ಎಳೆಯ ಮಕ್ಕಳ ಎರಡು ಕಣ್ಣುಗಳ ನಡುವೆ ಅಷ್ಟು ಅಂತರ ಇರುವುದಿಲ್ಲ. ಮಗುವಿನ ಕಣ್ಣಿಗೆ ಹೊಂದುವುದನ್ನು ಮಗುವನ್ನೇ ಕರೆದೊಯ್ದು ಆರಿಸಿ. ಮನೆಯಲ್ಲಿ ಏರ್‌ಗನ್ ಬೇಕೆಂದು ಹಟ ಹಿಡಿದ ಹತ್ತು ವರ್ಷದ ಹುಡುಗನೋ ಹುಡುಗಿಯೋ ಇದ್ದರೆ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಎಂಟು ಪಟ್ಟಿನ ಹಗುರ ದುರ್ಬೀನು ಕೊಡಿಸಿ. ಜನವರಿಯ ಒಂದು ಭಾನುವಾರ ಭರತದ ವೇಳೆ ನೋಡಿಕೊಂಡು ದಿವಾದಿಂದ ಠಾಣೆಗೆ, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ಐರೋಲಿಗೆ ಕರೆದುಕೊಂಡು ಹೋಗಿ. ರಾಜಹಂಸಗಳು ಮೇ ಕೊನೆಯವರೆಗೂ ಖಾಡಿಯಲ್ಲಿ ಇರುತ್ತವೆ.